ವಾಪಸ್ ಬಂದವರ ಕಾಲಂ

ಹೊಳೆಯನ್ನು ಬೆಳಿಗ್ಗೆ ಹನ್ನೊಂದರೊಳಗೆ ದಾಟಿ ಅಂತ ಬೋರ್ಡಿನ ಮೇಲೆ ನಾನೇ ಬರೆದಿದ್ದೇನೆ, ಅಂಗೈ ಅಗಲದ ಕೆಂಪು ಅಕ್ಷರದಲ್ಲಿ. ಬಂದವರು ಅದೇ ಬೋರ್ಡಿಗೆ ಬೆನ್ನು ಒರಗಿಸಿ ನಿಂತು ಕೇಳುತ್ತಾರೆ, "ಹೊಳೆ ಎಷ್ಟು ಗಂಟೆವರೆಗೆ ದಾಟಬಹುದು?" ಬಿಸಿಲೇರಿದರೆ ಮೇಲಿನ ಹಿಮ ಕರಗುತ್ತದೆ, ಮೊಣಕಾಲುದ್ದದ ನೀರು ಮಧ್ಯಾಹ್ನಕ್ಕೆ ಎದೆಮಟ್ಟ ಬರುತ್ತದೆ. ಇಷ್ಟು ಹೇಳೋದಕ್ಕೆ ಎಸ್ಕಾರ್ಚಾ ರಾಷ್ಟ್ರೀಯ ಉದ್ಯಾನದ ಈ ಕಾವಲುಮನೆಯಲ್ಲಿ ಇಪ್ಪತ್ತು ವರ್ಷ ಸವೆಸಿದ್ದೇನೆ. ಮೊನ್ನೆ ಸಾಂತಿಯಾಗೊದವನೊಬ್ಬ ರಬ್ಬರ್ ಚಪ್ಪಲಿಯಲ್ಲಿ ಬಂದು, ಮೇಲೆ ಕಾಫಿ ಸಿಗುತ್ತಾ ಅಂದ.

"ಸಿಗದೆ ಏನಪ್ಪಾ, ಪೂಮಾ ಕಾಸಿಟ್ಕೊಂಡು ಕಾಯ್ತಿರುತ್ತೆ."

ಜೊತೆಯ ಕಾವಲುಗಾರ ಬಾರ್ರಿಯಾ ಹಣೆ ಚಚ್ಚಿಕೊಂಡ. "ನಿನ್ನ ಬಾಯಿಗೆ ಹೆದರಿ ಒಂದಿನ ಯಾರೂ ಬರಲ್ಲ ನೋಡು, ಎಡೆಲ್ಮೀರಾ."

ಬರದಿದ್ದರೆ ಒಳ್ಳೇದೇ ಆಯ್ತು. ಆದರೆ ಒಬ್ಬರ ಮುಂದೆ ಮಾತ್ರ ನನ್ನ ಬಾಯಿ ಏಳುವುದಿಲ್ಲ. ಪ್ರತಿ ವರ್ಷ ಫೆಬ್ರವರಿ ಹತ್ತೊಂಬತ್ತಕ್ಕೆ ಚಿಲೊಯೆ ದ್ವೀಪದಿಂದ ದೋನ್ಯಾ ಎರ್ನೆಸ್ತಿನಾ ಅನ್ನೋ ಅಜ್ಜಿ ಬರುತ್ತಾರೆ, ಎರಡು ಗಂಟೆಯ ಬಸ್ಸಿಗೆ. ನನಗೆ ಅಂತ ಹೊಗೆಯಲ್ಲಿ ಒಣಗಿಸಿದ ಚಿಪ್ಪುಮೀನಿನ ಸರ ತರುತ್ತಾರೆ. ಒಲೆ ಪಕ್ಕ ಕೂತು ನಾನು ಸೋರೆಬುರುಡೆಯಲ್ಲಿ ಕೊಟ್ಟ ಮಾತೆ ಎಲೆಯ ಕಷಾಯ ಹೀರುತ್ತಾ, ಮೊದಲ ಸಲ ಬಂದವರ ಹಾಗೆ ಕೇಳುತ್ತಾರೆ. ಮೇಲಿನ ಕೆರೆಗೆ ಎಷ್ಟು ಗಂಟೆ ನಡಿಗೆ? ಮಲಗೋದೆಲ್ಲಿ? ಎಷ್ಟು ಸ್ವೆಟರ್ ಬೇಕು? ಮಗ ಇನ್ನೂ ಹೊರಟೇ ಇಲ್ಲವೇನೋ ಅನ್ನೋ ಹಾಗೆ. ನಾನೂ ಒಂದೊಂದಕ್ಕೇ ಉತ್ತರ ಕೊಡುತ್ತೇನೆ, ಆಮೇಲೆ ಹಿತ್ತಲಿಗೆ ಹೋಗಿ ಬೇಕಿಲ್ಲದ ಸೌದೆ ಒಡೆಯುತ್ತೇನೆ.

ಯಾಕೆ ಅಂದರೆ ಅವರ ಮಗ ಎಲಿಸೆರ್ ಹನ್ನೊಂದು ವರ್ಷದ ಹಿಂದೆ ಇದೇ ಬಾಗಿಲಿಂದ ಹತ್ತಿದ, ಇಳಿಯಲಿಲ್ಲ. ಇಳಿದ ಅಂತ ಬರೆದವಳು ನಾನು.

ಹತ್ತುವಾಗ ಪುಸ್ತಕದಲ್ಲಿ ಹೆಸರು, ಇಳಿದಾಗ ಪಕ್ಕದ ಕಾಲಮ್ಮಿನಲ್ಲಿ ಗಂಟೆ, ಸಹಿ. ಸಂಜೆ ಆ ಕಾಲಂ ಖಾಲಿ ಉಳಿದರೆ ಹುಡುಕಲು ಹೋಗಲೇಬೇಕು. ಆದರೆ ಕೊನೆಯ ಬಸ್ಸು ಐದಕ್ಕೆ. ಅದು ತಪ್ಪದಿರಲಿ ಅಂತ ಮೊದಲು ಇಳಿದವನು ಹಿಂದಿನವರಿಗೂ ಸೇರಿಸಿ ಸಹಿ ಹಾಕೋದು ಇಲ್ಲಿ ರೂಢಿ. ನಾವೂ ಹೂಂ ಅಂದುಕೊಂಡೇ ಬಂದವರು. ಆ ವರ್ಷ ಫೆಬ್ರವರಿ ಹತ್ತೊಂಬತ್ತರ ಸಂಜೆ ನಾಲ್ಕೂ ನಲವತ್ತಕ್ಕೆ ದಾರಿಯಲ್ಲಿ ಪರಿಚಯವಾದ ಒಬ್ಬ ಓಡಿ ಬಂದ. "ಎಲಿಸೆರ್ ನನ್ನ ಹಿಂದೆನೇ ಬರ್ತಿದ್ದಾನೆ ಅಕ್ಕಾ, ಅವನದ್ದೂ ಹಾಕ್ಬಿಡಿ," ಅಂತ ಹೇಳಿ ಬಸ್ಸು ಹತ್ತಿದ. ಹಾಕಿಬಿಟ್ಟೆ. ಮೂರು ವಾರದ ಮೇಲೆ ಪೊಲೀಸರು ಬಂದು ಪುಸ್ತಕ ನೋಡಿ, ಹುಡುಗ ಉದ್ಯಾನದಿಂದ ಹೊರಟಿದ್ದಾನೆ ಅಂದರು. ಬಂದರಿನಲ್ಲಿ ಹುಡುಕಿದರು, ಊರೂರಲ್ಲಿ ಫೋಟೊ ಅಂಟಿಸಿದರು. ಮೇಲೆ ಯಾರೂ ಹೋಗಲಿಲ್ಲ. ಅಷ್ಟರಲ್ಲಿ ಹಿಮವೂ ಬಿತ್ತು. ನಾನು ಬಾಯಿ ಮುಚ್ಚಿಕೊಂಡು ಕೂತೆ. ನನ್ನ ಕೆಲಸ ಉಳಿಯಿತು.

ಮಾರನೇ ವರ್ಷ ಅದೇ ದಿನ, ಮಧ್ಯಾಹ್ನ ಮೂರಕ್ಕೆ, ಮೇಜಿನ ಮೇಲಿನ ರೇಡಿಯೊ ಕರಕರ ಅಂತು. ಹೊಳೆಯಾಚೆ ಚಾರಣಿಗರಿಗಿದ್ದ ಗುಡಿಸಲಿನ ರೇಡಿಯೊ ಸೆಟ್ಟಿಂದ. ನೀರಿನ ಮೊರೆತ, ಆಮೇಲೆ ಹುಡುಗನ ದನಿ: "ಕಾವಲುಮನೆ, ಕೇಳಿಸ್ತಿದೆಯಾ? ನಾನಿನ್ನೂ ಆಚೆ ದಡದಲ್ಲೇ ಇದ್ದೀನಿ. ನೀರು ಯಾವಾಗ ಇಳಿಯುತ್ತೆ?" ಯಾರೋ ಚೇಷ್ಟೆ ಮಾಡ್ತಿದ್ದಾರೆ ಅಂದುಕೊಂಡೆ. ಆಮೇಲೆ ಹಿಮದ ಭಾರಕ್ಕೆ ಆ ಗುಡಿಸಲು ಕುಸಿಯಿತು. ಬಾರ್ರಿಯಾ ಸೆಟ್ಟನ್ನು ಕುದುರೆ ಮೇಲೆ ಹೇರಿ ತಂದು ಉಗ್ರಾಣಕ್ಕೆ ಎಸೆದ. ಅದಕ್ಕೆ ಬ್ಯಾಟರಿಯೂ ಇಲ್ಲ. ಮುಂದಿನ ವರ್ಷವೂ ದನಿ ಮಾತ್ರ ತಪ್ಪಲಿಲ್ಲ. ಅಂದಿನಿಂದ ಆ ದಿನ ಮೂರಕ್ಕೆ ಮುಂಚೆಯೇ ರೇಡಿಯೊ ಆರಿಸುತ್ತೇನೆ. ಹೆದರಿಕೆ ಕಣ್ರಿ, ಇನ್ನೇನು?

ಈ ವರ್ಷ ಎರ್ನೆಸ್ತಿನಾ ಬೂಟು ಹಾಕಿ, ಬೆನ್ನಿಗೆ ಚೀಲ ಕಟ್ಟಿಕೊಂಡು ಬಂದರು. ವಯಸ್ಸು ಎಪ್ಪತ್ತೊಂದು. ಎಂದಿನ ಹಾಗೆ ಕಷಾಯ ಕೊಟ್ಟೆ, ಒಲೆ ಪಕ್ಕ ಕೂತು ಹೀರಿದರು.

"ಈ ಸಲ ನಾನೇ ಹೋಗ್ತೀನಿ ಮಗಳೇ. ಹೆಸರು ಬರ್ಕೋ."

"ಏನಮ್ಮಾ, ತಲೆಗಿಲೆ ಕೆಟ್ಟಿದೆಯಾ? ಈ ಹೊತ್ತಿಗೆ ಹೊಳೆ ತುಂಬಿರುತ್ತೆ!"

"ಈಚೆ ದಡದಲ್ಲಿ ಮಲಗಿ ಬೆಳಿಗ್ಗೆ ದಾಟ್ತೀನಿ. ನೀನೇ ಹೇಳ್ಕೊಟ್ಟಿದ್ದೀಯಲ್ಲ, ಹನ್ನೊಂದು ವರ್ಷ." ನಕ್ಕರು. "ಒಂದು ಮಾತ್ರ ಕೇಳಿರಲಿಲ್ಲ. ನಾನು ಇಳಿದು ಬರದಿದ್ರೆ ನಿನಗೆ ಹೆಂಗೆ ಗೊತ್ತಾಗುತ್ತೆ?"

ಬಾಯಿಪಾಠದ ಉತ್ತರ ತಾನಾಗಿ ಬಂತು. "ಈ ಕಾಲಂ ಖಾಲಿ ಇರುತ್ತಲ್ಲಮ್ಮಾ. ಅವತ್ತೇ ಹುಡುಕ್ಕೊಂಡು ಬರ್ತೀವಿ. ಬಂದೇ ಬರ್ತೀವಿ."

"ನನ್ನ ಮಗನದ್ದು ತುಂಬಿತ್ತು, ಅಲ್ವಾ?"

"ಹೂಂ."

"ಅವನೇ ತುಂಬಿದ್ನಾ?"

ರೇಡಿಯೊ ಆರಿಸೋದು ಮರೆತಿದ್ದೆ. ಕರಕರ ಅಂತು. ಹೊಳೆ ಮೊರೆಯಿತು. "ಕಾವಲುಮನೆ, ಕೇಳಿಸ್ತಿದೆಯಾ? ನಾನಿನ್ನೂ ಆಚೆ ದಡದಲ್ಲೇ..."

ಮುದುಕಿಯ ಕೈಯಿಂದ ಕಷಾಯದ ಬುರುಡೆ ಜಾರಿ ಬಿತ್ತು. ನನಗೊಬ್ಬಳಿಗೇ ಕೇಳಿಸುತ್ತದೆ ಅಂದುಕೊಂಡಿದ್ದೆ. ಕಪಾಟಿನಿಂದ ಆ ವರ್ಷದ ಪುಸ್ತಕ ಎಳೆದು ಅವರ ಮುಂದೆ ಬಿಚ್ಚಿದೆ.

"ನಾನಮ್ಮಾ. ಇದು ನನ್ನ ಕೈಬರಹ. ಅವನು ಇಳಿದು ಬಂದದ್ದನ್ನ ನಾನು ನೋಡಿರಲಿಲ್ಲ."

ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಎರ್ನೆಸ್ತಿನಾ ಆ ಸಾಲಿನ ಮೇಲೆ ಬೆರಳಿಟ್ಟರು.

"ಹೊಡೆದು ಹಾಕು ಇದನ್ನ."

ಪೆನ್ನು ತಗೊಂಡು ನಾನೇ ಹಾಕಿದ ಸಹಿಯ ಮೇಲೆ ಗೆರೆ ಎಳೆದೆ. ಈಗ ಕಾಲಂ ಖಾಲಿ. ಖಾಲಿ ಉಳಿದರೆ ಏನು ಮಾಡಬೇಕು ಅಂತ ಅದೇ ಬೋರ್ಡಿನ ಕೆಳಸಾಲಿನಲ್ಲಿ ಬರೆದವಳೂ ನಾನೇ. ಲಾಯದಲ್ಲಿದ್ದ ಬಾರ್ರಿಯಾನನ್ನು ಕರೆಯೋಕೆ ರೇಡಿಯೊದ ಮೈಕು ಎತ್ತಿಕೊಂಡೆ.

"ಬಾರ್ರಿಯಾ, ಕುದುರೆಗೆ ಜೀನು ಹಾಕು. ಕೆಳಗಿನ ಠಾಣೆಯವರಿಗೂ ಹೇಳು. ಒಬ್ಬರು ವಾಪಸ್ ಬಂದಿಲ್ಲ."

"ಯಾವಾಗಿಂದ?"

"ಹನ್ನೊಂದು ವರ್ಷದಿಂದ."

ರೇಡಿಯೊದಲ್ಲಿ ಹೊಳೆ ಇನ್ನೂ ಮೊರೆಯುತ್ತಲೇ ಇತ್ತು. ಎರ್ನೆಸ್ತಿನಾ ನನ್ನ ಕೈಯಿಂದ ಮೈಕು ತಗೊಂಡರು. ಗುಂಡಿ ಎಲ್ಲಿ ಒತ್ತಬೇಕು ಅಂತ ತೋರಿಸಿಕೊಟ್ಟೆ.

"ಎಲಿಸೆರ್, ನೀರಿಗೆ ಮಾತ್ರ ಇಳೀಬೇಡ ಕಂದಾ," ಅಂದರು. "ಅಲ್ಲೇ ಇರು. ಬರ್ತಿದ್ದೀವಿ."