ಇನ್ನೂರ ಹನ್ನೆರಡನೇ ಪುಟದ ತಥಾಗತ

"ಮೇಷ್ಟ್ರೇ!" ಎಂದು ಅಕ್ಕ ತನ್ನ ಕೋಣೆಯ ಬಾಗಿಲಿಂದ ಕೂಗಿದ್ದೇ ತಡ, ಬೆಂಚಿನ ಮೇಲಿದ್ದ ಇಬ್ಬರೂ ಒಟ್ಟಿಗೆ ಎದ್ದು ನಿಂತರು. "ಏನಮ್ಮಾ?" ಎಂಬುದೂ ಒಂದೇ ಬಾರಿಗೆ ಬಂತು. ಒಬ್ಬರು ಡ್ರಾಯಿಂಗ್ ಮೇಷ್ಟ್ರು, ಮಕ್ಕಳ ಚಿತ್ರದ ಪುಸ್ತಕದ ಕರಡು ನೋಡಲು ಬಂದವರು. ಇನ್ನೊಬ್ಬರು ಹಳೇ ಮೇಷ್ಟ್ರು, ಬುದ್ಧರ ಬಗ್ಗೆ ಹದಿನೇಳು ವರ್ಷ ಕೂತು ಬರೆದ ಪುಸ್ತಕದ ಕಡೆಯ ಪುಟಗಳಿಗೆ ಅಚ್ಚಿಗೆ ಮೊದಲು ಒಪ್ಪಿಗೆಯ ಸಹಿ ಹಾಕಲು ಬಂದವರು. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಪ್ರೆಸ್ಸಿನ ಒಡತಿ ಅಕ್ಕನೂ ನಕ್ಕಳು.

ಕಿಟಕಿ ಪಕ್ಕದ ಮೇಜಿನಲ್ಲಿ ಹಳೇ ಮೇಷ್ಟ್ರ ಪುಸ್ತಕದ ಕೊನೆಗೆ ಹಾಕುವ ಪದಸೂಚಿಯ ಚೀಟಿಗಳನ್ನು ಕಂತೆ ಕಟ್ಟುತ್ತಿದ್ದವಳು ಮಾತ್ರ ನಗಲಿಲ್ಲ. ಅವಳ ಬೆರಳಿನಿಂದ ರಬ್ಬರ್ ಬ್ಯಾಂಡು ಚಟ್ಟೆಂದು ಹಾರಿತು.

ಅವಳನ್ನು ಅಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಸೂಜಿ ಎಂದು. ಪದಸೂಚಿ ಮಾಡುವವಳು ಅಚ್ಚಿನ ಯಂತ್ರ ನೋಡಿಕೊಳ್ಳುವ ಮಷಿನ್ ಮಾವನ ಬಾಯಲ್ಲಿ ಮೊದಲ ವಾರವೇ ಸೂಜಿಯಾಗಿದ್ದಳು. ಬಂದು ಮೂರು ತಿಂಗಳಾಗಿದ್ದರೂ ಅವಳು ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಪುಸ್ತಕದಲ್ಲಿ ಬರುವ ಪ್ರತಿಯೊಂದು ಹೆಸರಿಗೂ ಒಂದು ಚೀಟಿ, ಚೀಟಿಯ ಮೇಲೆ ಪುಟದ ಸಂಖ್ಯೆ. ತಥಾಗತ, ಸುಗತ, ಜಿನ, ದಶಬಲ ಎಂದು ಒಂದೊಂದು ಪುಟದಲ್ಲಿ ಒಂದೊಂದು ಹೆಸರು ಬಂದು ತಲೆ ಕೆಡಿಸಿದಾಗ ಅವಳು ನಿಘಂಟು ತೆರೆದು ನೋಡಿದ್ದಳು. ಎಲ್ಲದರ ಮುಂದೂ ಒಂದೇ ಅರ್ಥ: ಬುದ್ಧ. ಓದುವವರಿಗೆ ಗೊಂದಲ ಬೇಡವೆಂದು ಅಷ್ಟನ್ನೂ 'ಗೌತಮ ಬುದ್ಧ' ಎಂಬ ಒಂದೇ ಸಾಲಿಗೆ ಸೇರಿಸಿ, ಅಚ್ಚುಕಟ್ಟಾಯಿತೆಂದು ಒಳಗೊಳಗೇ ಬೀಗಿದ್ದಳು.

ಒಂದೇ ಕೂಗಿಗೆ ಇಬ್ಬರು ಎದ್ದದ್ದನ್ನು ಕಂಡವಳು ಈಗ ಇನ್ನೂರ ಹನ್ನೆರಡನೇ ಪುಟವನ್ನು ಹುಡುಕಿ ತೆಗೆದು ಮತ್ತೆ ಓದಿದಳು: ಕೆಸರಿನಲ್ಲಿ ಅಡ್ಡ ಮಲಗಿದ್ದ ತರುಣ ತಪಸ್ವಿಯ ಎದುರು ತಥಾಗತ ನಿಂತ. ಮುಂದೊಂದು ಕಾಲಕ್ಕೆ ನೀನು ಗೌತಮನೆಂಬ ಬುದ್ಧನಾಗುವೆ ಎಂದ.

"ಅಯ್ಯೋ! ಮೇಷ್ಟ್ರೇ, ಇಲ್ಲಿ ಬನ್ನಿ! ನೀವಲ್ಲ, ಹಳೇ ಮೇಷ್ಟ್ರು!"

ಅವಳ ಗಂಟಲಿನಿಂದ ಅಂಥ ದನಿ ಬರಬಹುದೆಂದು ಯಾರಿಗೂ ಗೊತ್ತಿರಲಿಲ್ಲ. ಹಳೇ ಮೇಷ್ಟ್ರು ಮೇಜಿನ ಅಂಚು ತಡವಿಕೊಂಡು ಬಂದರು. ಅವರಿಗೆ ಎದುರಿಗಿರುವುದು ಮಸುಕು, ಪಕ್ಕದ್ದು ಅಷ್ಟಿಷ್ಟು ಕಾಣುತ್ತಿತ್ತು. ಇನ್ನು ಒಂದು ತಿಂಗಳೋ ಒಂದೂವರೆಯೋ, ಆಮೇಲೆ ಅಕ್ಷರ ಕಾಣಿಸುವುದಿಲ್ಲವೆಂದು ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದರು.

"ಇಲ್ಲಿ ತಥಾಗತ ಅಂದ್ರೆ ಗೌತಮ ಅಲ್ಲ, ಅಲ್ವಾ?"

"ಅಲ್ಲಮ್ಮ, ದೀಪಂಕರ. ಗೌತಮನಿಗಿಂತ ಎಷ್ಟೋ ಹಿಂದೆ ಇದ್ದ ಬುದ್ಧ. ಮಲಗಿದ್ದಾನಲ್ಲ, ಆ ತಪಸ್ವಿನೇ ಮುಂದಿನ ಜನ್ಮದಲ್ಲೆಲ್ಲೋ ಗೌತಮ."

"ನಾನು ಗೌತಮ ಅಂತ ಹಾಕಿದೀನಿ! ಗೌತಮನೇ ಬಂದು ಗೌತಮನಿಗೆ ಭವಿಷ್ಯ ಹೇಳಿ ಹೋದ ಹಾಗಾಗಿದೆ!" ನಗುವೋ ಅಳುವೋ ತಿಳಿಯದೆ ಅವಳು ಒಂದೇ ಉಸಿರಿಗೆ ಹೇಳಿದಳು. "ತಥಾಗತ ಅನ್ನೋದು ಮೇಷ್ಟ್ರು ಅಂದ ಹಾಗೆ. ಕೂಗಿದ್ರೆ ಇಬ್ಬರು ಏಳ್ತಾರೆ. ಸುಗತ, ಜಿನ, ಎಲ್ಲಾ ಹಾಗೇ. ಶಾಕ್ಯಮುನಿ ಅಂದ್ರೆ ಮಾತ್ರ ಗೌತಮ ಒಬ್ಬನೇ ಏಳ್ತಾನೆ. ಹೌದೋ ಅಲ್ವೋ?"

ಹಳೇ ಮೇಷ್ಟ್ರು ಮುಖವನ್ನು ಓರೆ ಮಾಡಿ, ಕಣ್ಣಂಚಿನಿಂದ ಅವಳನ್ನು ನೋಡಿದರು. "ಹದಿನೇಳು ವರ್ಷದಿಂದ ಇದನ್ನೇ ಬಡ್ಕೋತಾ ಇದೀನಿ. ಬುದ್ಧ ಅನ್ನೋದು ಹೆಸರಲ್ಲ, ಒಬ್ಬ ಮನುಷ್ಯ ಏರಬಹುದಾದ ಎತ್ತರ ಅಂತ. ನನ್ನ ಹೆಂಡತಿ ಕೂಡ ಕೇಳಿಸಿಕೊಳ್ಳಲಿಲ್ಲ."

"ಪದಸೂಚಿ ತಪ್ಪಿದೆ ಮೇಷ್ಟ್ರೇ. ನೀವು ಹೇಳಿದ್ದನ್ನೆಲ್ಲ ನಾನು ಅಳಿಸಿಹಾಕಿದೀನಿ."

ಅಷ್ಟು ಹೊತ್ತಿಗೆ ಒಳಗಿನಿಂದ ಮಷಿನ್ ಮಾವ ಕೈ ಒರೆಸಿಕೊಳ್ಳುತ್ತ ಬಂದ. "ಏನು ಸೂಜಿ, ಬಾಯಿಗೆ ಹಾಕಿದ್ದ ಹೊಲಿಗೆ ಇವತ್ತು ಬಿಚ್ಚಿಕೊಂಡ್ಯಾ? ಅಚ್ಚಿನ ಪ್ಲೇಟ್ ಎಲ್ಲಿ? ನಾಳೆಯಿಂದ ಪರೀಕ್ಷೆ ಉತ್ತರಪತ್ರಿಕೆ. ಎರಡು ತಿಂಗಳು ಮಷಿನ್ ನಿನ್ನ ಕಡೆ ತಿರುಗಿ ನೋಡಲ್ಲ."

ಎರಡು ತಿಂಗಳು. ಅವಳ ಉತ್ಸಾಹವೆಲ್ಲ ಒಮ್ಮೆಗೇ ಜರ್ರನೆ ಇಳಿಯಿತು. ಈಗಲೇ ಸಹಿ ಹಾಕಿದರೆ ಪುಸ್ತಕ ಹತ್ತು ದಿನದಲ್ಲಿ ಮೇಷ್ಟ್ರ ಕೈಯಲ್ಲಿರುತ್ತದೆ. ತಮ್ಮ ಕಣ್ಣಿನಿಂದಲೇ ಅದನ್ನು ಓದಬಹುದು. ಪದಸೂಚಿ ಯಾರು ನೋಡುತ್ತಾರೆ? ಅವಳು ಬಾಯಿ ಬಿಡದೆ ಇದ್ದಿದ್ದರೆ ಈ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು.

"ಹಾಗೇ ಬಿಟ್ಟುಬಿಡೋಣ್ವಾ ಮೇಷ್ಟ್ರೇ?" ಎಂದಳು ಮೆಲ್ಲಗೆ.

"ತಪ್ಪು ಪುಸ್ತಕ ನೋಡೋಕೆ ನನಗೆ ಕಣ್ಣು ಯಾಕೆ?" ಎಂದವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. "ಎಷ್ಟು ಚೀಟಿ ಇದೆ?"

"ನೂರಾ ನಲವತ್ತು."

ಮಷಿನ್ ಮಾವ ಗಡಿಯಾರ ನೋಡಿದ, ಮೇಷ್ಟ್ರ ಕಣ್ಣು ನೋಡಿದ. "ನಾಲ್ಕು ಗಂಟೆವರೆಗೆ ಕಾಯ್ತೀನಿ. ಅದರ ಮೇಲೆ ಒಂದು ನಿಮಿಷ ಕೇಳಬೇಡಿ," ಎಂದು ಗುಡುಗಿ ಒಳಗೆ ಹೋದವನು, ಐದು ನಿಮಿಷಕ್ಕೆಲ್ಲ ಎಲ್ಲರಿಗೂ ಟೀ ಹಿಡಿದುಕೊಂಡು ಬಂದ.

ಸೂಜಿ ಪುಟದ ಸಾಲು ಓದುವುದು, ಹಳೇ ಮೇಷ್ಟ್ರು ಕಣ್ಣು ಮುಚ್ಚಿ ಯಾರೆಂದು ಹೇಳುವುದು, ಡ್ರಾಯಿಂಗ್ ಮೇಷ್ಟ್ರು ಚೀಟಿಯನ್ನು ಆಯಾ ಕಂತೆಗೆ ಹಾಕುವುದು, ಅಕ್ಕ ತಾನೇ ಕಂಪ್ಯೂಟರಿನ ಮುಂದೆ ಕೂತು ಟೈಪು ಮಾಡುವುದು. ಹಾಜರಿ ಕೂಗಿದ ಹಾಗಿತ್ತು.

"ಎಂಬತ್ತೆಂಟು, ಸುಗತ."

"ಗೌತಮ."

"ನೂರಾ ಮೂರು, ಜಿನ."

"ಅದು ಕಾಶ್ಯಪ. ಗೌತಮನಿಗೆ ಒಂದು ಮೆಟ್ಟಿಲು ಮೊದಲು ಬಂದವನು."

"ಇನ್ನೂರ ಹದಿನಾಲ್ಕು, ತಥಾಗತ."

"ದೀಪಂಕರನೇ, ಇನ್ನೂ ಕೆಸರಿನ ಹತ್ತಿರಾನೇ ನಿಂತಿದಾನೆ."

"ಎಷ್ಟು ಹೊತ್ತು ನಿಲ್ಲಿಸ್ತೀರಿ ಪಾಪ," ಎಂದರು ಡ್ರಾಯಿಂಗ್ ಮೇಷ್ಟ್ರು.

ಮೂರು ಗಂಟೆಯ ಹೊತ್ತಿಗೆ ಗೌತಮನ ಕಂತೆ ಅರ್ಧಕ್ಕರ್ಧ ಇಳಿದು, ಸುತ್ತ ಬೇರೆ ಬೇರೆ ಕಂತೆಗಳು ಎದ್ದಿದ್ದವು. ಒಂದೊಂದು ಚೀಟಿಗೂ ಅವಳ ದನಿ ಏರುತ್ತಿತ್ತು. ಇದ್ದಕ್ಕಿದ್ದಂತೆ ಅವಳು ನಿಂತಳು.

"ಅಮಿತಾಭ, ಅಮಿತಾಯು ಅಂತ ಎರಡು ಸಾಲು ಮಾಡಿದೀನಿ. ಇವರಿಬ್ಬರೂ..."

"ಒಬ್ಬನೇ. ಬೆಳಕು ಅಳತೆಗೆ ಸಿಗೋದಿಲ್ಲ ಅಂತ ಒಂದು ಹೆಸರು. ಆಯುಸ್ಸು ಅಳತೆಗೆ ಸಿಗೋದಿಲ್ಲ ಅಂತ ಇನ್ನೊಂದು."

"ಹಲವರನ್ನ ಒಬ್ಬರು ಮಾಡಿದೆ, ಒಬ್ಬರನ್ನ ಇಬ್ಬರು ಮಾಡಿದೆ!" ಅವಳು ಹಣೆ ಹಣೆ ಬಡಿದುಕೊಂಡು ನಕ್ಕಳು. ಅಕ್ಕನೂ ಟೈಪು ನಿಲ್ಲಿಸಿ ನಕ್ಕಳು. ಹಳೇ ಮೇಷ್ಟ್ರು ಮಾತ್ರ ಕಿಟಕಿಯ ಬೆಳಕಿನ ಕಡೆಗೆ ಮುಖ ತಿರುಗಿಸಿದರು. ಆಮೇಲೆ ಅವರೇ, "ಮುಂದೆ ಓದಮ್ಮ," ಎಂದರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅಕ್ಕ ಕೊನೆಯ ಸಾಲು ಟೈಪು ಮಾಡಿದಳು. ಸೂಜಿ ಇಡೀ ಸೂಚಿಯನ್ನು ಓದಿ ಹೇಳಿ, ಸಹಿ ಹಾಕಬೇಕಾದ ಜಾಗಕ್ಕೆ ಮೇಷ್ಟ್ರ ಬೆರಳನ್ನು ತಂದಿಟ್ಟಳು. ಸಹಿ ಸ್ವಲ್ಪ ಸೊಟ್ಟಗೆ ಬಂತು. ಆ ಪುಟಗಳ ಪ್ಲೇಟ್ ತಯಾರಾಗಿ ಒಳಗೆ ಹೋಯಿತು.

ಹಳೇ ಮೇಷ್ಟ್ರು ಮೇಜಿನ ಮೇಲೆ ಕೈಯಾಡಿಸುತ್ತ ಕಂತೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ದಪ್ಪನೆಯದು, ಅದಕ್ಕಿಂತ ಸಣ್ಣದು, ಮತ್ತೂ ಸಣ್ಣದು. ಕೊನೆಗೆ ಅಂಚಿನಲ್ಲಿ ಒಂದೇ ಒಂದು ಚೀಟಿ ಸಿಕ್ಕಿತು.

"ಇದು ಯಾರು?"

"ಮೈತ್ರೇಯ. ಕೊನೆಯ ಪುಟದಲ್ಲಿ ಒಂದೇ ಸಲ ಬರೋದು. ಇನ್ನೂ ಬುದ್ಧ ಆಗಿಲ್ಲ, ಮುಂದೆ ಬರಬೇಕಾದವರು ಅಂತ ನೀವೇ ಬರೆದಿದೀರಿ."

ಫ್ಯಾನಿನ ಗಾಳಿಗೆ ಚೀಟಿಯ ಮೂಲೆ ಎದ್ದಿತು. ಅವರು ಅದರ ಮೇಲೆ ಅಂಗೈ ಇಟ್ಟರು. ಒಳಗೆ ಮಷಿನ್ ಶುರುವಾಗಿ ಮೇಜು, ಟೀ ಲೋಟ, ಕಿಟಕಿಯ ಗಾಜು ಎಲ್ಲ ಸಣ್ಣಗೆ ನಡುಗತೊಡಗಿದವು. ಅವರು ಕೈ ತೆಗೆಯಲಿಲ್ಲ.