ಎಡಗಡೆಯ ಪ್ರೊಪೆಲ್ಲರ್

"ಸ್ವಲ್ಪ ಎತ್ತಿ ಹಿಡ್ಕೊಳ್ಳಿ, ತಲೆ ವಾಲ್ತಾ ಇದೆ," ಎನ್ನುತ್ತ ವಿಶ್ವಾರಾಧ್ಯ ತೀರಿಕೊಂಡ ಅಣ್ಣನ ಹೆಗಲಿಗೆ ಕೈಕೊಟ್ಟ. ಅಣ್ಣ ಉಜ್ಜನಪ್ಪನನ್ನು ಶವ ಹೊರುವ ಬಿದಿರಿನ ವಿಮಾನದಲ್ಲಿ ಕೂರಿಸಿ, ಬೆನ್ನಿಗೆ ಹಲಗೆ ಕೊಟ್ಟು ಕಟ್ಟಿದರು. ಮಹಾಂತಮ್ಮ ಗಂಡನ ಹಣೆಯ ವಿಭೂತಿ ಸರಿಮಾಡಿದಳು.

"ಯಜಮಾನ್ರು ಏರ್‌ಫೋರ್ಸಲ್ಲಿ ಪ್ಲೇನ್ ಓಡಿಸ್ತಿದ್ರಾ ಅಮ್ಮಾ?" ಪಕ್ಕದ ಮನೆಯ ಪರಶುರಾಮ ಮೆಲ್ಲಗೆ ಕೇಳಿದ.

"ಇಲ್ಲಪ್ಪ. ಪ್ರೊಪೆಲ್ಲರ್ ರಿಪೇರಿ."

ವಿಶ್ವಾರಾಧ್ಯ ಹಗ್ಗ ಬಿಗಿಯುತ್ತಲೇ ಹೇಳಿದ. "ಇನ್ನೆರಡು ದಿನ ಮೆಷೀನಲ್ಲಿ ಇಡಬಹುದಿತ್ತು ಅತ್ತಿಗೆ. ಅಣ್ಣ ಉಸಿರಾಡ್ತಾನೇ ಇದ್ದ."

"ಮೆಷೀನು ಆಡಿಸ್ತಿತ್ತು, ವಿಶ್ವ."

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಮಿದುಳು ಸತ್ತಿದೆ ಎಂದ ಮೇಲೆ, ಉಸಿರಿನ ಮೆಷೀನು ತೆಗೆದುಬಿಡಿ ಎಂದವಳು ಮಹಾಂತಮ್ಮನೇ. ಮಕ್ಕಳಿಲ್ಲದ ಸಂಸಾರ, ಡಾಕ್ಟರು ಕೇಳಿದ್ದೂ ಅವಳೊಬ್ಬಳನ್ನೇ.

*

ಮದುವೆಯಾದ ಹೊಸತರಲ್ಲಿ ರಜೆಗೆ ಬಂದಿದ್ದ ಗಂಡ, ಶಿವಮೊಗ್ಗದ ಬಸ್ಸಿನ ಕಿಟಕಿಯಿಂದ ಅವಳ ಕೈಯನ್ನು ಹೊರಗೆ ಹಿಡಿಸಿದ್ದ. ಅಂಗೈ ಗಾಳಿಗೆ ಅಡ್ಡವಾದಾಗ ತೋಳೇ ಹಿಂದಕ್ಕೆ ಹೋಯಿತು. ಮಣಿಕಟ್ಟು ತಿರುಗಿಸಿ ಅಂಚನ್ನು ಮುಂದೆ ಮಾಡಿದಾಗ ಗಾಳಿ ತನ್ನಷ್ಟಕ್ಕೆ ಸರಿದುಹೋಯಿತು.

"ಪ್ರೊಪೆಲ್ಲರ್ ರೆಕ್ಕೆನೂ ಹಿಂಗೇ ತಿರುಗುತ್ತೆ ಮಾರಾಯ್ತಿ. ಎಂಜಿನ್ ವೇಗ ಏರಬಾರ್ದು, ಇಳೀಬಾರ್ದು, ಅದಕ್ಕೆ ಬೇಕಾದಷ್ಟೇ ಗಾಳಿ ಹಿಡಿಯುತ್ತೆ. ಎರಡರಲ್ಲಿ ಒಂದು ಎಂಜಿನ್ ಸತ್ತರೆ, ಅದರ ರೆಕ್ಕೆ ಅಂಚು ಗಾಳಿಗೆ ಬರೋ ಹಂಗೆ ಪೂರ್ತಿ ತಿರುಗಿಸಿಬಿಡ್ತಾರೆ, ನಿಂತುಬಿಡುತ್ತೆ."

ಹಿಂದಿನ ತಿಂಗಳು ಎಡಗಡೆಯ ಪ್ರೊಪೆಲ್ಲರ್ ಹಾಗೆ ನಿಂತದ್ದನ್ನು ಅವನು ಆಕಾಶದಲ್ಲೇ, ವಿಮಾನದ ಕಿಟಕಿಯಿಂದ ನೋಡಿದ್ದ.

"ನಿಂತೇ ಹೋಯ್ತಾ? ಹೆದರಿಕೆ ಆಗ್ಲಿಲ್ವಾ?"

"ನಿಲ್ಲದೆ ಇದ್ದಿದ್ರೆ ಆಗ್ತಿತ್ತು. ಸತ್ತ ಎಂಜಿನ್ನನ್ನ ಗಾಳಿ ತಿರುಗಿಸ್ತಾನೇ ಇದ್ರೆ, ಬದುಕಿರೋದಕ್ಕೂ ಭಾರ."

ಏರ್‌ಫೋರ್ಸ್ ಬಿಟ್ಟು ಊರಿಗೆ ಬಂದು ಮಾಚೇನಹಳ್ಳಿಯ ವರ್ಕ್‌ಶಾಪ್ ಸೇರಿದ ಮೇಲೆ ಅವನನ್ನು ವಿಮಾನದ ಬಗ್ಗೆ ಯಾರೂ ಕೇಳಲಿಲ್ಲ. ಅವನೂ ಹೆಂಡತಿಯ ಹತ್ತಿರ ಬಿಟ್ಟು ಬೇರೆಲ್ಲೂ ಹೇಳಲಿಲ್ಲ.

*

ಮಣ್ಣು ಮಾಡಿ ಮುಗಿಸಿ ಎಲ್ಲರೂ ವ್ಯಾನು ಹತ್ತಿದರು. ವಿಶ್ವಾರಾಧ್ಯನ ಮಗಳು ಲಿಖಿತಾ ದೊಡ್ಡಮ್ಮನ ಪಕ್ಕ ಕೂರಲು ಬಂದಳು.

"ಇಲ್ಲಿ ಬಾ," ಎಂದ ಅವಳಪ್ಪ, ಮುಂದಿನಿಂದ.

ಹುಡುಗಿ ಒಂದು ಕ್ಷಣ ನಿಂತು, ಮುಂದಕ್ಕೆ ಹೋದಳು. ಖಾಲಿ ಉಳಿದ ಸೀಟಿನ ಮೇಲೆ ಯಾರೋ ಹಸಿಮಣ್ಣು ಮೆತ್ತಿದ ಬುಟ್ಟಿ, ಗುದ್ದಲಿ ತಂದಿಟ್ಟರು. ಭದ್ರಾ ಸೇತುವೆಯ ಮೇಲೆ ವ್ಯಾನು ಕುಲುಕಿದಾಗ ಗುದ್ದಲಿ ಜಾರಿತು. ಮಹಾಂತಮ್ಮ ಅದರ ಮರದ ಕಾವನ್ನು ಹಿಡಿದುಕೊಂಡಳು. ಮನೆ ಬರುವವರೆಗೂ ಬಿಡಲಿಲ್ಲ.