ಗುಬ್ಬಚ್ಚಿ ನಿಯಮ ಮತ್ತು ಅತ್ತೆಯ ಗಲ್ಲಾ

ನಮ್ಮನೆಯವರಿಗೆ ಸ್ವಂತ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯುವ ಅಧಿಕಾರವೂ ಇಲ್ಲ. ಅಂಥವರು ಇಡೀ ಊರಿನ ಸುತ್ತಿಗೆಗಳ ಬಾಯಿ ಮುಚ್ಚಿಸಿದರು ಎಂದರೆ ಯಾರೂ ನಂಬಲಿಕ್ಕಿಲ್ಲ. ಅವರು ನಗರಸಭೆಯ ಉದ್ಯಾನ ವಿಭಾಗದಲ್ಲಿ ಅಧಿಕಾರಿ. ಊರಲ್ಲಿ ಗುಬ್ಬಚ್ಚಿಗಳು ಕಡಿಮೆಯಾಗುತ್ತಿವೆ ಎಂದು ಕೊರಗಿ ಕೊರಗಿ, ಕೊನೆಗೊಂದು ನಿಯಮ ಬರೆದು ಸಭೆಯಲ್ಲಿ ಒಪ್ಪಿಸಿಕೊಂಡು ಬಂದರು. ಯಾವುದೇ ಕಟ್ಟಡದಲ್ಲಿ ಗುಬ್ಬಚ್ಚಿ ಗೂಡು ಕಟ್ಟಿದರೆ, ಮರಿಗಳು ಹಾರಿಹೋಗುವ ತನಕ ಅಲ್ಲಿ ಸುತ್ತಿಗೆ, ಉಳಿ, ಗರಗಸ ಯಾವುದೂ ಸದ್ದು ಮಾಡಕೂಡದು, ಮಾಡಿದರೆ ದಂಡ. ಆ ಸಂಜೆ ಅವರ ಮುಖ ನೋಡಬೇಕಿತ್ತು. ಮದುಮಗನಾಗಿದ್ದಾಗಲೂ ಅಷ್ಟು ಕಳೆ ಇರಲಿಲ್ಲ, ಪಕ್ಕದಲ್ಲೇ ಕೂತು ನೋಡಿದವಳು ನಾನು.

ನಮ್ಮದು ಬೀದಿಗೆ ಮುಖ ಮಾಡಿದ ಎರಡಂತಸ್ತಿನ ಹಳೇ ಮನೆ. ಕೆಳಗೆ ಗುಂಡಿ, ದಾರ, ಜಿಪ್ಪು, ಲೇಸು ಮಾರುವ ಅಂಗಡಿ. ಅದರ ಹಿಂದೆ ಅಡುಗೆಮನೆ. ಮೇಲೆ ಮಲಗುವ ಕೋಣೆಗಳು. ಅಂಗಡಿ ಅತ್ತೆಯದು. ಮಾವ ತೀರಿಹೋದ ಮೇಲೆ ಒಂಟಿಯಾಗಿ ಅದನ್ನು ಎತ್ತಿ ನಿಲ್ಲಿಸಿದವರು ಅವರು, ಅದರಲ್ಲಿ ಎರಡು ಮಾತಿಲ್ಲ. ಗಲ್ಲಾದ ಹಿಂದಿನ ಎತ್ತರದ ಕುರ್ಚಿ ಅವರ ಸಿಂಹಾಸನ. ನಾನು ಸೊಸೆಯಾಗಿ ಬಂದು, ನನ್ನ ಕೂದಲೂ ಬೆಳ್ಳಗಾಗತೊಡಗಿದರೂ, ಆ ಕುರ್ಚಿಯ ಮೇಲೆ ಒಮ್ಮೆಯೂ ಕೂತವಳಲ್ಲ. ಧೂಳು ಹೊಡೆಯುವುದು, ಲೇಸು ಸುತ್ತಿಡುವುದು, ಬೆರೆತುಹೋದ ಗುಂಡಿಗಳನ್ನು ಗಾತ್ರ ನೋಡಿ ಬೇರೆ ಮಾಡುವುದು ನನ್ನ ಪಾಲು. ಗಿರಾಕಿಯ ನೆರಳು ಬಾಗಿಲಿಗೆ ಬಿದ್ದರೆ ಸಾಕು, "ನೀನು ಒಳಗೆ ಒಲೆ ನೋಡಮ್ಮ" ಎನ್ನುತ್ತಿದ್ದರು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ಆ ಕುರ್ಚಿಯ ಮೇಲೆ ಕೂತು, ಬಂದವರಿಗೆ ನನ್ನ ಕೈಯಾರೆ ಆರಿಸಿ ಕೊಟ್ಟು, ಅಂಗಡಿ ನಡೆಸಬೇಕೆಂದು ನನಗೆ ಆಸೆಯಿತ್ತು. ಆಸೆ ಎಂದರೆ ಕಡಿಮೆಯಾಯಿತು, ಹೊಟ್ಟೆಯುರಿ.

ಮನೆಯ ಮರದ ಮೆಟ್ಟಿಲಿಗೆ ಗೆದ್ದಲು ಹಿಡಿದಿತ್ತು, ಅತ್ತೆಯ ಮಂಡಿಗೆ ವಯಸ್ಸು ಹಿಡಿದಿತ್ತು. ಹಳೆಯದನ್ನು ಕಿತ್ತು, ಕಡಿಮೆ ಎತ್ತರದ ಅಗಲ ಮೆಟ್ಟಿಲು ಮಾಡಿಸಿ, ಪಕ್ಕಕ್ಕೆ ಹಿಡಿಕೆ ಹಾಕಿಸೋಣವೆಂದು ಮೇಸ್ತ್ರಿಯನ್ನು ಕರೆಸಿದೆವು. ಅತ್ತೆಗೆ ಧೂಳೆಂದರೆ ಆಗದು. ದಾರದ ಮೇಲೆ ಧೂಳು ಕೂತರೆ ಬಣ್ಣವೇ ಬೇರೆಯಾಗುತ್ತದೆ ಎಂದು, ಇದ್ದಬದ್ದ ಸರಕನ್ನೆಲ್ಲ ಪೆಟ್ಟಿಗೆಗಳಲ್ಲಿ ಮೇಲಕ್ಕೆ ಸಾಗಿಸಿದರು. ಕೆಳಗೆ ಬಿಟ್ಟದ್ದು ಕಪ್ಪು ದಾರ, ಬಿಳಿ ದಾರ, ಅಂಗಿಯ ಬಿಳಿ ಗುಂಡಿ. ಕೊನೆಗೆ ತಾವೂ ಒಂದು ಕುರ್ಚಿಯಲ್ಲಿ ಕೂತು, ಇಬ್ಬರು ಕೆಲಸದವರ ಕೈಲಿ ಹೊರಿಸಿಕೊಂಡು ಮೇಲೆ ಹೋದರು.

"ಧೂಳು ಕೂರೋವರೆಗೂ ಮೇಲಿರ್ತೀನಿ. ಅಲ್ಲೀವರೆಗೂ ಅಂಗಡಿ ಹಾಗೇ ಇರ್ಲಿ, ಯಾರೂ ಏನೂ ಮುಟ್ಬೇಡಿ" ಎಂದರು. ಯಾರೂ ಎಂದರೆ ನಾನು.

ಹಳೇ ಮೆಟ್ಟಿಲು ಕಿತ್ತರು. ಓಡಾಡಲು ನಮಗೊಂದು ಏಣಿ ಇಟ್ಟರು. ಹೊಸ ಮೆಟ್ಟಿಲಿಗಾಗಿ ಕಂಬಿ, ಹಲಗೆ ಎಲ್ಲ ನಿಲ್ಲಿಸಿಯಾಯಿತು. ಹಿಡಿಕೆಯ ಮರ ಬರಲಿಲ್ಲವೆಂದು ಒಂದು ವಾರ ಕೆಲಸ ನಿಂತಿತು. ಮೇಸ್ತ್ರಿ ಮತ್ತೆ ಬಂದ ಬೆಳಿಗ್ಗೆ ನಮ್ಮನೆಯವರು ಕಾಫಿ ಲೋಟ ಹಿಡಿದು ಆ ಹಲಗೆಗಳ ಕೆಳಗೆ ಬಗ್ಗಿ ನೋಡಿ, ಮಗು ಹುಟ್ಟಿದಷ್ಟು ಸಂತೋಷದಲ್ಲಿ ನನ್ನನ್ನು ಕರೆದರು.

"ಬಾ ಇಲ್ಲಿ, ಮೆಲ್ಲಗೆ ಬಾ. ಗುಬ್ಬಚ್ಚಿ ಗೂಡು ಕಟ್ಟಿದೆ. ಮೊಟ್ಟೆನೂ ಇಟ್ಟಿದೆ."

ನಾನು ನೋಡಿದೆ. ಹಿಂದೆ ನಿಂತಿದ್ದ ಮೇಸ್ತ್ರಿಯೂ ನೋಡಿದ. ನೋಡಿದವನು ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡ.

"ಹಾಗಾದ್ರೆ ನಾನು ಬರ್ತೀನಿ ಸಾರ್. ಮರಿ ಹಾರಿದ್ ಮೇಲೆ ಹೇಳಿ ಕಳ್ಸಿ."

"ಇರಪ್ಪ, ಇದು ನಮ್ಮನೆ..." ಎಂದು ನಮ್ಮನೆಯವರು ಶುರು ಮಾಡಿದರು. ಲೋಟದ ಕಾಫಿ ಆರುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ, ಬಾಯಿ ಬಿಟ್ಟೂ ಅಂದೆ.

ಅತ್ತೆಯನ್ನು ಹೇಗಾದರೂ ಇಳಿಸಬಹುದಿತ್ತು. ಅಗ್ನಿಶಾಮಕದವರೇ ಬಂದು ಹೊತ್ತುಕೊಂಡು ಇಳಿಸುತ್ತೇವೆ ಎಂದರು. ಅತ್ತೆ ಕಿಟಕಿಯಿಂದಲೇ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನಾನೇನು ಮೂಟೆನಾ? ಕೆಲಸದವರು ಹೊತ್ತಾಗ ಒಳಗಿತ್ತು, ಯಾರೂ ನೋಡ್ಲಿಲ್ಲ. ಬೀದೀಲಿ ಹೊರಿಸ್ಕೊಳ್ಳೋ ಕಾಲ ಒಂದೇ ಸಲ ಬರುತ್ತೆ, ಆಗ ಬನ್ನಿ. ಈಗ ಮೆಟ್ಟಿಲಾಗ್ಲಿ, ನಾನೇ ಇಳೀತೀನಿ." ಅಗ್ನಿಶಾಮಕದವರು ತಲೆ ತಗ್ಗಿಸಿಕೊಂಡು ಹೋದರು.

ಅತ್ತೆಗೊಂದು ಕಾಲವಾದರೆ ಸೊಸೆಗೊಂದು ಕಾಲ. ನಾನು ಅಡುಗೆಮನೆಯ ಬಾಗಿಲು ಎಳೆದು ಬಂದು, ಆ ಕುರ್ಚಿಯ ಮೇಲೆ ಕೂತೆ. ಕಾಲು ನೆಲಕ್ಕೆ ಎಟುಕಲಿಲ್ಲ. ಎಟುಕದಿದ್ದರೇನು, ನನಗೆ ಸ್ವರ್ಗ ಮೂರೇ ಗೇಣು.

ಸ್ವರ್ಗದಲ್ಲಿ ಗಿರಾಕಿಗಳಿರಲಿಲ್ಲ ಎಂಬುದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ಮೊದಲು ಬಂದವನು ಎದುರು ಸಾಲಿನ ದರ್ಜಿ. ಕಂದು ಬಣ್ಣದ ಕೋಟಿನ ಗುಂಡಿ ಬೇಕೆಂದ. ನನ್ನ ಹತ್ತಿರ ಅಂಗಿಯ ಬಿಳಿ ಗುಂಡಿ ಬಿಟ್ಟರೆ ಬೇರೇನಿದೆ? ಏಣಿ ಹತ್ತಿ ತರುತ್ತೇನೆಂದು ಏಳುವಷ್ಟರಲ್ಲಿ, ಮೇಲಿನ ಕಿಟಕಿಯಿಂದ ಅತ್ತೆಯ ದನಿ ಬಂತು.

"ಕಂದು ಅಂದ್ರೆ ಯಾವ ಕಂದು? ತಿಳೀದೋ, ಗಾಢವೋ? ಕೋಟು ತೋರ್ಸು ಇತ್ತ."

ದರ್ಜಿ ಬೀದಿಯಲ್ಲಿ ನಿಂತು ಕೋಟು ಎತ್ತಿ ಹಿಡಿದ. ಮೇಲಿಂದ ಹಗ್ಗ ಕಟ್ಟಿದ ಬುಟ್ಟಿಯೊಂದು ಇಳಿಯಿತು. ಅದರಲ್ಲಿ ಗುಂಡಿಗಳಿದ್ದವು. ದರ್ಜಿ ಗುಂಡಿ ತೆಗೆದುಕೊಂಡು ದುಡ್ಡು ಹಾಕಿದ, ಬುಟ್ಟಿ ಏರಿತು. ನನ್ನ ಬಾಗಿಲ ಮುಂದೆಯೇ ಇಳಿದು, ನನ್ನ ಬಾಗಿಲ ಮುಂದೆಯೇ ಏರಿತು.

ಅಲ್ಲಿಂದ ಮುಂದೆ ಜಾತ್ರೆಯೇ. ದಾರ ಬೇಕಾದವರು, ಬೇಡವಾದವರು, ಬುಟ್ಟಿ ಇಳಿಯುವುದನ್ನು ನೋಡಲೆಂದೇ ಒಂದು ಹುಕ್ಕು ಕೊಳ್ಳುವವರು, ಎಲ್ಲರೂ ನಮ್ಮ ಕಿಟಕಿಯ ಕೆಳಗೆ. ಅತ್ತೆಗೆ ಮೇಲಿಂದ ಇಡೀ ಬೀದಿ ಕಾಣುತ್ತಿತ್ತು. "ಏ ದಪ್ಪಕ್ಕ, ಆ ಪಕ್ಕದ ಬೀದಿ ಅಂಗಡಿಗೆ ಯಾಕೆ ಹೋಗ್ತಿದೀಯ, ಬಾ ಇಲ್ಲಿ" ಎಂದು ಕೂಗಿ ಕರೆಯುತ್ತಿದ್ದರು. ಕುರ್ಚಿಯಲ್ಲಿದ್ದಾಗ ಆ ಭಾಗ್ಯ ಅವರಿಗಿರಲಿಲ್ಲ. ನಾನು ಗಲ್ಲಾದ ಹಿಂದೆ ಕೂತು ಜನರ ಬೆನ್ನು ನೋಡುತ್ತಿದ್ದೆ. ಒಬ್ಬಾಕೆ ಒಳಗೆ ಇಣುಕಿದಾಗ ಗಿರಾಕಿ ಬಂದಳೆಂದು ಎದ್ದೆ. "ನಿಮ್ಮ ಬಾಗಿಲು ಸ್ವಲ್ಪ ಮುಚ್ಕೋತೀರಾ? ಬುಟ್ಟಿ ತಗಲುತ್ತೆ" ಎಂದಳು.

ಏಣಿ ಹತ್ತಿ ಹೋಗಿ, ನಾಲ್ಕು ಪೆಟ್ಟಿಗೆ ಕೆಳಗೆ ಕೊಡಿ ಎಂದು ಅತ್ತೆಯನ್ನು ಕೇಳಿದೆ.

"ಯಾಕಮ್ಮ, ನೀನು ಹತ್ತಿ ಇಳ್ದು ಸುಸ್ತಾಗ್ಬೇಡ. ಗಿರಾಕಿ ಬಂದ್ರೆ ಮೇಲೆ ನೋಡು ಅನ್ನು, ಸಾಕು" ಎಂದರು, ಬೆಲ್ಲದಂಥ ದನಿಯಲ್ಲಿ.

ನಾನು ಕೆಳಗಿಳಿದು ಬಂದು ಆ ಗುಬ್ಬಚ್ಚಿಗೆ ಶಾಪ ಹಾಕಿದೆ. ಅದು ಒಂದು ಹುಲ್ಲುಕಡ್ಡಿ ಕಚ್ಚಿಕೊಂಡು, ನನ್ನನ್ನೇ ಬಾಡಿಗೆಗೆ ಬಂದವಳ ಹಾಗೆ ನೋಡಿತು.

ಮೊದಲ ಮರಿಗಳು ಹಾರಿದವು. ಮೇಸ್ತ್ರಿಗೆ ಹೇಳಿ ಕಳಿಸಿದರೆ ಅವನಿಗೆ ಪುರುಸೊತ್ತಿಲ್ಲ. ಊರೆಲ್ಲ ಅವನ ಹಿಂದೆ ಬಿದ್ದಿತ್ತು. ಕಾರಣ ಹೇಳಿದವನು ದರ್ಜಿಯೇ. "ಗೂಡು ಕಟ್ಟಿದ್ ಮೇಲೆ ತಾನೇ ನಿಮ್ಮೆಜಮಾನ್ರ ನಿಯಮ? ಗೂಡೇ ಕಟ್ಟದ ಹಾಗೆ ನೋಡ್ಕೊಂಡ್ರಾಯ್ತು. ನಂಗೆ ಮುಂದಿನ ವರ್ಷ ಛಾವಣಿ ರಿಪೇರಿ ಮಾಡಿಸ್ಬೇಕು, ಗುಬ್ಬಚ್ಚಿ ಬಂದು ಕೂತ್ರೆ ನನ್ನ ಗತಿಯೇನು? ಅದಕ್ಕೇ ಈಗ್ಲೇ ಎಲ್ಲಾ ತೂತಿಗೂ ಸಿಮೆಂಟು ಹಾಕಿಸ್ದೆ." ಅವನೊಬ್ಬನೇ ಅಲ್ಲ. ಹೆಂಚಿನ ಸಂದಿ, ಗೋಡೆಯ ಬಿರುಕು, ಗಾಳಿ ಬರುವ ಗವಾಕ್ಷಿ, ಒಂದನ್ನೂ ಬಿಡದೆ ಊರಿಗೆ ಊರೇ ಮುಚ್ಚಿಸುತ್ತಿತ್ತು. ಹಿಂದೆಲ್ಲ ಗುಬ್ಬಚ್ಚಿ ಗೂಡು ಕಟ್ಟಿದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಈಗ ಒಂದು ಗುಬ್ಬಚ್ಚಿ ಹುಲ್ಲುಕಡ್ಡಿ ಕಚ್ಚಿ ಹಾರಿದರೆ, ಬೀದಿಯವರೆಲ್ಲ ಪೊರಕೆ ಹಿಡಿದು ಹೊರಗೆ ಬರುತ್ತಿದ್ದರು.

ಇಡೀ ಊರಲ್ಲಿ ತೂತುಗಳಿದ್ದ ಮನೆ ನಮ್ಮದೊಂದೇ ಉಳಿಯಿತು. ನಿಯಮ ಬರೆದವರ ಮನೆ, ಮುಚ್ಚಿಸುವ ಹಾಗಿಲ್ಲವಲ್ಲ. ಹಾಗಾಗಿ ಊರ ಗುಬ್ಬಚ್ಚಿಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ನಮ್ಮಲ್ಲಿಗೇ ಬಂದವು. ಮೆಟ್ಟಿಲ ಹಲಗೆಯ ಕೆಳಗೆ ಒಂದು ಸಂಸಾರ ಎದ್ದರೆ ಇನ್ನೊಂದು ಬಂದು ಕೂರುತ್ತಿತ್ತು. ಕಂಬಿಯ ಕೊಳವೆಯಲ್ಲಿ ಒಂದು, ಮೇಸ್ತ್ರಿ ಮರೆತುಹೋದ ಬಾಂಡಲಿಯಲ್ಲಿ ಒಂದು. ಸೊಪ್ಪು ಹೆಚ್ಚಲು ಕೂತರೆ ಎಲೆ ನನಗೆ, ಹುಳ ಅವಕ್ಕೆ ಎಂದು ಒಪ್ಪಂದವಾಗಿತ್ತು.

ನಮ್ಮನೆಯವರು ಮೊದಮೊದಲು ಬೀಗಿದರು. ಆಮೇಲೊಂದು ಭಾನುವಾರ ಗುಬ್ಬಚ್ಚಿ ಎಣಿಸಲೆಂದು ಊರು ಸುತ್ತಲು ಹೋದವರು, ಮಧ್ಯಾಹ್ನ ಬಂದು ಅಂಗಡಿಯ ಸ್ಟೂಲಿನ ಮೇಲೆ ಕುಸಿದರು. ನಾನು ನೀರು ಕೊಟ್ಟೆ.

"ಎಲ್ಲೂ ಒಂದೂ ಇಲ್ಲ ಕಣೆ. ನಾನು ಉಳಿಸಕ್ಕೆ ಹೋದೆ, ಜನ ಊರನ್ನೇ ಸಿಮೆಂಟ್ ಮಾಡಿಬಿಟ್ಟಿದಾರೆ. ನಾನು ಬರೀದೇ ಇದ್ದಿದ್ರೆ ಎಷ್ಟೋ ಗೂಡು ಇರ್ತಿತ್ತು."

ಅವರ ಕಣ್ಣಲ್ಲಿ ನೀರಿತ್ತು. ಹಂಗಿಸಬೇಕೆಂದು ನಾಲಿಗೆಯ ತುದಿಯಲ್ಲಿದ್ದ ಮಾತನ್ನು ನುಂಗಿಕೊಂಡೆ. ಪಾಪ, ಒಳ್ಳೇದು ಮಾಡಲು ಹೋದ ಮನುಷ್ಯ. ಅವರ ಮೇಲೆ ನನಗಿರುವ ಪ್ರೀತಿ ಇಂಥ ಹೊತ್ತಿನಲ್ಲಿ ಹೇಳದೆ ಕೇಳದೆ ಎದ್ದು ಬರುತ್ತದೆ. "ಬರೆದೋರು ನೀವೇ ತಾನೇ? ಹೋಗಿ ಅಳ್ಸಿ ಬನ್ನಿ" ಎಂದೆ.

ಅಳಿಸುವುದು ಬರೆಯುವಷ್ಟು ಸುಲಭವಿರಲಿಲ್ಲ. ನಿಯಮ ಒಳ್ಳೇದಾಗಿದೆ, ಎಲ್ಲ ಗೋಡೆಗಳೂ ಭದ್ರವಾಗಿವೆ ಎಂದು ಸಭೆಯವರು ಹಟ ಹಿಡಿದರಂತೆ. ನಮ್ಮನೆಯವರು ಎದ್ದು ನಿಂತು, "ನಾನೇ ತಪ್ಪು ಮಾಡಿದೀನಿ, ನನ್ನ ಹೆಸರಲ್ಲೇ ವಾಪಸ್ ತಗೊಳ್ಳಿ" ಎಂದರಂತೆ. ಕೊನೆಗೆ ನಿಯಮ ಹೋಯಿತು. ಇಷ್ಟವಿದ್ದವರು ಗೋಡೆಯಲ್ಲೊಂದು ಸಂದಿ ಬಿಟ್ಟುಕೊಳ್ಳಿ, ಯಾರೂ ಕೇಳಲ್ಲ, ದಂಡವಿಲ್ಲ ಎಂದಷ್ಟೇ ಉಳಿಯಿತು. ಕೇಳುವವರಿಲ್ಲ ಎಂದಮೇಲೆ ಜನಕ್ಕೆ ಸೆಕೆ ನೆನಪಾಯಿತು. ಗವಾಕ್ಷಿ ತೆಗೆಸಲು ಮತ್ತೆ ಮೇಸ್ತ್ರಿಯ ಹಿಂದೆ ಬಿದ್ದರು. ಮುಚ್ಚಿದ್ದಕ್ಕೂ ಕೂಲಿ, ತೆಗೆದದ್ದಕ್ಕೂ ಕೂಲಿ. ನಮ್ಮನೆಯವರನ್ನು ಕಂಡಾಗೆಲ್ಲ ಅವನು ಈಗಲೂ ಎದ್ದು ನಿಂತು ನಮಸ್ಕಾರ ಮಾಡುತ್ತಾನೆ.

ಗುಬ್ಬಚ್ಚಿ ಸಂಸಾರಗಳು ಒಂದೊಂದಾಗಿ ಊರಿನ ಹಳೇ ಸಂದಿಗಳಿಗೆ ಮರಳಿದವು. ನಮ್ಮಲ್ಲಿ ಉಳಿದಿದ್ದ ಕೊನೆಯ ಮರಿಗಳಿಗೆ ರೆಕ್ಕೆ ಬಲಿಯುವ ತನಕ ನಮ್ಮನೆಯವರು ಮೇಸ್ತ್ರಿಯನ್ನು ಹೊಸಿಲು ದಾಟಲು ಬಿಡಲಿಲ್ಲ. ಆಮೇಲೆ ಸುತ್ತಿಗೆ ಸದ್ದು ಮಾಡಿತು, ಮೆಟ್ಟಿಲಾಯಿತು, ಹಿಡಿಕೆಯೂ ಬಂತು.

ಅತ್ತೆ ಇಳಿಯುವ ದಿನ ನಾನು ಕುರ್ಚಿಯನ್ನು ಒರೆಸಿ, ಪಕ್ಕಕ್ಕೆ ಸರಿದು ನಿಂತೆ. ನನಗೆ ಅಳು ಬರುವಂತಾಗಿತ್ತು. ಅಷ್ಟು ದಿನ ಕೂತರೂ ಆ ಕುರ್ಚಿಯಿಂದ ಯಾರಿಗೂ ಏನೂ ಕೊಟ್ಟಿರಲಿಲ್ಲ, ಇನ್ನು ಕೊಡುವುದೂ ಇಲ್ಲ. ಅತ್ತೆ ಹಿಡಿಕೆ ಹಿಡಿದು, ಪ್ರತಿ ಮೆಟ್ಟಿಲಿಗೂ ಒಂದು ತಪ್ಪು ಹುಡುಕುತ್ತ ಕೆಳಗೆ ಬಂದರು. ಹಿಂದೆಯೇ ನಮ್ಮನೆಯವರು ಸರಕಿನ ಪೆಟ್ಟಿಗೆಗಳನ್ನು ಇಳಿಸಿದರು. ಅತ್ತೆ ಗಲ್ಲಾದ ಹಿಂದೆ ಹೋಗಲಿಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಮಡಿಲಲ್ಲಿದ್ದ ತಮ್ಮ ನೀಲಿ ಮೇಲಂಗಿಯ ಹರಿದ ಅಂಚನ್ನು ತೋರಿಸಿದರು.

"ಇದಕ್ಕೊಂದು ದಾರ ಬೇಕು."

ನಾನು ಪೆಟ್ಟಿಗೆ ಬಿಚ್ಚಿದೆ. ನೀಲಿ ಉಂಡೆಗಳನ್ನು ಬಾಗಿಲ ಬೆಳಕಿಗೆ ತಂದು, ಒಂದೊಂದು ಎಳೆ ಬಿಚ್ಚಿ ಬಟ್ಟೆಯ ಮೇಲೆ ಎಳೆದು ನೋಡಿದೆ. ಒಂದನ್ನು ಎತ್ತಿ ಕೊಟ್ಟೆ.

"ಇದು ಬಟ್ಟೆಗಿಂತ ಕಪ್ಪಾಯ್ತು. ಅದು ಕೊಡು, ಸರಿಯಾಗಿ ಹೊಂದುತ್ತೆ" ಎಂದು ಅತ್ತೆ ಇನ್ನೊಂದನ್ನು ತೋರಿಸಿದರು.

"ಉಂಡೇಲಿ ಹೊಂದುತ್ತೆ. ಹೊಲಿದ ಮೇಲೆ ಬೆಳ್ಳಗೆ ಎದ್ದು ಕಾಣುತ್ತೆ. ಒಂಚೂರು ಗಾಢ ಇದ್ರೇನೇ ಬಟ್ಟೇಲಿ ಮುಳುಗೋದು. ಬೇಕಿದ್ರೆ ತಗೊಳ್ಳಿ, ಇಲ್ದಿದ್ರೆ ಬಿಡಿ."

ಕೊನೆಯ ಮಾತು ಬೇಕಿರಲಿಲ್ಲ, ನನ್ನ ಸಿಟ್ಟು ಆಡಿಸಿತು. ಅತ್ತೆ ನನ್ನ ಮುಖ ನೋಡಿದರು.

"ಯಾರು ಹೇಳ್ಕೊಟ್ರು?"

"ನೀವು ಗಿರಾಕಿಗಳಿಗೆ ಹೇಳ್ತಿದ್ರಲ್ಲ. ಒಲೆ ಮೇಲೆ ಏನೂ ಇರ್ತಿರ್ಲಿಲ್ಲ, ಕೂತು ಕೇಳಿಸ್ಕೋತಿದ್ದೆ."

ಅತ್ತೆ ನಾನು ಕೊಟ್ಟ ಉಂಡೆಯನ್ನೇ ತೆಗೆದುಕೊಂಡು, ಚೌಕಾಸಿ ಮಾಡಿ, ಚಿಲ್ಲರೆ ಎಣಿಸಿ ಕೊಟ್ಟರು. ಮತ್ತೆ ಹಿಡಿಕೆ ಹಿಡಿದು, ನಿಧಾನವಾಗಿ ಮೆಟ್ಟಿಲು ಹತ್ತಿ ಹೋಗಿ ಕಿಟಕಿಯ ಬಳಿ ಕೂತರು.

ಸ್ವಲ್ಪ ಹೊತ್ತಿಗೆ ದರ್ಜಿ ಬಂದು, ಕತ್ತು ಮೇಲೆತ್ತಿ, ಜಿಪ್ಪು ಬೇಕಿತ್ತು ಎಂದು ಕೂಗಿದ. ಬುಟ್ಟಿ ಇಳಿಯಲಿಲ್ಲ. ಅತ್ತೆಯ ದನಿ ಮಾತ್ರ ಇಳಿಯಿತು.

"ನನ್ನನ್ನ್ಯಾಕೆ ಕೇಳ್ತೀಯ? ಕೆಳಗೆ ಅಂಗಡಿಯವರಿದಾರೆ, ಅವರನ್ನ ಕೇಳು."

ನಾನು ಕುರ್ಚಿ ಹತ್ತಿ ಕೂತೆ. ದರ್ಜಿ ಒಳಗೆ ಬಂದ. ಕಣ್ಣು ಒರೆಸಿಕೊಂಡು, "ಎಷ್ಟು ಉದ್ದದ್ದು ಬೇಕು?" ಎಂದು ಕೇಳಿದೆ.